ಬಾಯ್ಲರ್ ಲೈನಿಗೆ ಬೀಗ ಹಾಕಿಸಿದ ಧ್ವನಿ

ಹುಲಿಯಪ್ಪ ಹುಟ್ಟಿದ್ದು ಆಯನೂರಿನಲ್ಲಿ. ಆದರೆ ಆ ಸುದ್ದಿಯನ್ನು ಶಿವಮೊಗ್ಗದ ನೆಂಟರಿಗೆ ಯಾರೂ ಹೋಗಿ ಮುಟ್ಟಿಸಬೇಕಾಗಲಿಲ್ಲ. ಮಗುವಿನ ಮೊದಲ ಅಳುವಿಗೇ ಊರಿನ ಹುಂಜಗಳೆಲ್ಲ ನಡುಮಧ್ಯಾಹ್ನ ಬೆಳಗಾಯಿತೆಂದು ಕೂಗಿದವಂತೆ. ಸೂಲಗಿತ್ತಿಯ ಬಲಗಿವಿ ಅವತ್ತು ಮುಚ್ಚಿಕೊಂಡದ್ದು ಆಕೆ ಕಣ್ಣು ಮುಚ್ಚುವ ತನಕ ತೆರೆಯಲಿಲ್ಲವಂತೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಇವನು ‘ಯಸ್ ಸಾರ್’ ಎಂದರೆ ಪಕ್ಕದೂರಿನ ಶಾಲೆಯ ಮೇಷ್ಟ್ರೂ ಇವನ ಹೆಸರಿಗೆ ಹಾಜರಿ ಹಾಕುತ್ತಿದ್ದರಂತೆ. ಇದೆಲ್ಲ ಹುಲಿಯಪ್ಪನೇ ಹೇಳಿಕೊಂಡದ್ದು. ಅರ್ಧ ಕಳೆದು ನಂಬಿದರೂ ಯಾರಿಗೂ ನಷ್ಟವಿಲ್ಲ.

ಬೆಳೆದ ಮೇಲೆ ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನಲ್ಲಿ ಟೊಮೆಟೊ ಮಾರಿದ. ಇವನು ಕೂಗುವ ರಭಸಕ್ಕೆ ಟೊಮೆಟೊ ತಾವಾಗಿಯೇ ಬಿರುಕು ಬಿಡುತ್ತವೆ ಎಂದು ಅಕ್ಕಪಕ್ಕದವರು ದೂರಿದರು. ಅದನ್ನು ಕೇಳಿಸಿಕೊಂಡ ಮೈಕ್ ಸೆಟ್ ಅಂಗಡಿಯವನೊಬ್ಬ ಇವನನ್ನು ಕರೆದೊಯ್ದು ಆಟೋದಲ್ಲಿ ಕೂರಿಸಿದ. ಅಂದಿನಿಂದ ಹುಲಿಯಪ್ಪ ಊರಿನ ಬಾಯಿಯಾದ. ಸರ್ಕಸ್ ಬಂತು, ಸೀರೆಗೆ ರಿಯಾಯಿತಿ ಬಂತು, ನಾಳೆ ನಲ್ಲಿ ನೀರು ಬರುವುದಿಲ್ಲ, ಇಂಥವರು ದೈವಾಧೀನರಾದರು ಎಲ್ಲವೂ ಇವನ ಗಂಟಲಿನಿಂದಲೇ ಹೊರಡಬೇಕು. ಚುನಾವಣೆ ಬಂದರೆ ಬೆಳಿಗ್ಗೆ ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಿ ಎಂದು ಗದ್ಗದಿತನಾಗಿ ಬೇಡಿ, ಮಧ್ಯಾಹ್ನ ಊಟ ಮಾಡಿ ಬಂದು ಅವನ ಎದುರಾಳಿಗೂ ಅಷ್ಟೇ ಗದ್ಗದಿತನಾಗಿ ಬೇಡುತ್ತಿದ್ದ. ಗಂಟಲಿಗೆ ಪಕ್ಷವಿಲ್ಲ ಎನ್ನುವುದು ಅವನ ಸಿದ್ಧಾಂತ.

ಆಮೇಲೆ ಪೆನ್ ಡ್ರೈವ್ ಬಂತು. ಈಗ ಹುಲಿಯಪ್ಪ ಆಟೋ ಹತ್ತುವುದೇ ಇಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಬಳಿ ನೇತುಹಾಕಿದ ಸ್ಟುಡಿಯೋದಲ್ಲಿ ಒಮ್ಮೆ ಮಾತಾಡಿ ಮನೆಗೆ ಹೋಗಿಬಿಡುತ್ತಾನೆ. ಧ್ವನಿ ಮಾತ್ರ ಜಿಲ್ಲೆಯೆಲ್ಲ ಸುತ್ತುತ್ತಿರುತ್ತದೆ. ಅವನು ದುರ್ಗಿಗುಡಿಯ ಮನೆಯಲ್ಲಿ ಕೂತು ಚಹಾ ಕುಡಿಯುತ್ತಿರುವಾಗ ಅವನದೇ ಧ್ವನಿ ಬೀದಿಯಲ್ಲಿ ಕುಕ್ಕರ್ ರಿಪೇರಿ ಮಾಡಿಕೊಡುವುದಾಗಿ ಹೇಳುತ್ತ ಹೋಗುತ್ತದೆ. “ಬಂದ್ರಿ ನೋಡಿ,” ಎನ್ನುತ್ತಾಳೆ ಹೆಂಡತಿ ಮಾಸ್ತಮ್ಮ. “ಮನೇಲಿ ಕುಕ್ಕರ್ ಹಾಳಾಗಿ ಎಷ್ಟು ದಿನ ಆಯ್ತು, ಸ್ವಲ್ಪ ಅವರನ್ನೇ ನಿಲ್ಲಿಸಿ ಕೇಳ್ತೀನಿ ಇರಿ.”

ಹೀಗೆ ಧ್ವನಿಯೊಂದು ಕಡೆ ಮನುಷ್ಯನೊಂದು ಕಡೆ ಸುಖವಾಗಿದ್ದ ಕಾಲದಲ್ಲಿ ಡಾಕ್ಟರ್ ಇಂಪನಾ ಅವನನ್ನು ಕರೆಸಿದರು.

ಇಂಪನಾ ಚಿಕ್ಕ ವಯಸ್ಸಿನ ಡಾಕ್ಟರು. ಸ್ಟೆತಾಸ್ಕೋಪಿಗಿಂತ ಹೆಚ್ಚಾಗಿ ಊರಿನ ನಕ್ಷೆ ಹಿಡಿದುಕೊಂಡು ಓಡಾಡುವ ಜಾತಿ. ಅವರ ಕೈಯಲ್ಲಿ ಒಂದು ಕಣ್ಣಿನ ವ್ಯಾನಿತ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಗೊತ್ತಾಗದಂತೆ ಕಣ್ಣಿನ ಒಳಪರದೆಯನ್ನು ತಿನ್ನುತ್ತ ಬರುತ್ತದೆ. ಬೇಗ ಫೋಟೋ ತೆಗೆದು ನೋಡಿದರೆ ದೃಷ್ಟಿ ಉಳಿಸಬಹುದು, ತಡವಾದರೆ ಕಷ್ಟ. ಆ ಫೋಟೋ ತೆಗೆಯುವ ಯಂತ್ರ ವ್ಯಾನಿನಲ್ಲಿತ್ತು.

“ಹುಲಿಯಪ್ಪನವರೇ, ದುರ್ಗಿಗುಡೀಲಿ ವ್ಯಾನ್ ನಿಲ್ಲಿಸಿದಾಗ ಏನಾಯ್ತು ಗೊತ್ತಾ? ಶುಗರ್ ಇಲ್ದೋರೂ ಬಂದು ಕ್ಯೂ ನಿಂತ್ರು. ಒಬ್ರು ಬಲಗಣ್ಣಿಗೆ ಒಂದಿನ, ಎಡಗಣ್ಣಿಗೆ ಒಂದಿನ ಅಂತ ಬಂದ್ರು.”

“ಅದು ನನ್ನ ಧ್ವನಿ ಮೇಡಂ,” ಎಂದು ಹುಲಿಯಪ್ಪ ವಿನಯದಿಂದ ಒಪ್ಪಿಕೊಂಡ.

“ಭದ್ರಾವತಿ ಬಾಯ್ಲರ್ ಲೈನಲ್ಲೂ ನಿಮ್ಮ ಧ್ವನೀನೇ ಹಾಕಿದ್ವಿ. ಎರಡು ಸಲ ಕ್ಯಾಂಪ್ ಆಯ್ತು. ಒಂದು ನಾಯಿ ಬಂದಿತ್ತು. ಅದೂ ವ್ಯಾನ್ ಕೆಳಗಿನ ನೆರಳಿಗೆ.”

ಹುಲಿಯಪ್ಪನ ಮುಖ ತೂತಾದ ಬಲೂನಿನಂತಾಯಿತು. ತನ್ನ ಧ್ವನಿಗೆ ಜನ ಬರಲಿಲ್ಲವೇ? ಸತ್ತವರ ಸುದ್ದಿ ಹೇಳಿದರೆ ಸತ್ತವರೇ ಎದ್ದು ಬಂದು ಸೇರುವಂಥ ಧ್ವನಿಗೆ?

“ಒಂದೇ ಜಿಲ್ಲೆ, ಒಂದೇ ಕಾಯಿಲೆ, ಒಂದೇ ಮಾತ್ರೆ,” ಎಂದರು ಇಂಪನಾ. “ಇಲ್ಲಿನೋರಿಗೆ ಕಾಯಿಲೆ ಶುರುವಾಗೋ ಮುಂಚೇನೇ ಗೊತ್ತಾಗುತ್ತೆ. ಬೆಳಿಗ್ಗೆ ಎದ್ದು ವಾಕಿಂಗ್ ಶುರು ಮಾಡ್ತಾರೆ. ಅಲ್ಲಿನೋರಿಗೆ ಕಾಲಿನ ಹುಣ್ಣು ವಾಸಿ ಆಗ್ದೆ ಇದ್ದಾಗ ಗೊತ್ತಾಗುತ್ತೆ, ಇಲ್ಲಾ ಕಣ್ಣು ಮಂಜಾದ್ಮೇಲೆ. ಎರಡರ ಮಧ್ಯೆ ಏನಿದೆ ಅಂತ ನೋಡ್ಬೇಕು.”

“ಮಧ್ಯೆ ತುಂಗಾ ಸೇತುವೆ ಇದೆ, ಆಮೇಲೆ ಮಾಚೇನಹಳ್ಳಿ ಇದೆ ಮೇಡಂ,” ಎಂದ ಬಾಗಿಲಲ್ಲಿ ನಿಂತಿದ್ದ ಮಲ್ಲಿಕ್. ಹುಲಿಯಪ್ಪನ ಧ್ವನಿಯನ್ನು ಆಟೋದಲ್ಲಿ ಹೊತ್ತು ತಿರುಗುವವನು ಅವನೇ.

ಇಂಪನಾ ನಕ್ಕು, ನಗು ಮುಗಿಸಿ, ವಿಷಯಕ್ಕೆ ಬಂದರು. ಮೇಲಿನವರು ಹೇಳಿಯಾಗಿತ್ತು: ಬಾಯ್ಲರ್ ಲೈನಿನವರಿಗೆ ತಿಳುವಳಿಕೆ ಇಲ್ಲ, ಮೂರನೇ ಸಲವೂ ವ್ಯಾನು ಖಾಲಿ ನಿಂತರೆ ಅದನ್ನು ಜನ ಬರುವ ಕಡೆಗೇ ಕಳಿಸುತ್ತೇವೆ. ಅಂದರೆ ಮತ್ತೆ ದುರ್ಗಿಗುಡಿಗೆ. ಈಗಾಗಲೇ ನೋಡಿದ ಕಣ್ಣುಗಳನ್ನು ಮತ್ತೆ ನೋಡುವುದಕ್ಕೆ. ಯಾರಿಗೆ ಬೇಕಿತ್ತೋ ಅವರಿಗೆ ಈ ವರ್ಷ ಇಲ್ಲ, ಬಹುಶಃ ಮುಂದಿನ ವರ್ಷವೂ ಇಲ್ಲ.

“ಇನ್ನೆರಡು ಹಾರ್ನ್ ಕಟ್ಟಿಸೋಣ ಮೇಡಂ. ಆ ಬೀದಿ ಹೆಂಚು ಹಾರಿಹೋಗೋ ಹಂಗೆ ಕೂಗ್ತೀನಿ.”

“ಬೇಡ. ಈ ಸಲ ನಿಮ್ಮ ಬಾಯಿ ಬೇಡ, ಕಿವಿ ಬೇಕು. ಬರ್ದೇ ಇದ್ದೋರನ್ನ ಬೈಯೋದು ಸುಲಭ. ಯಾಕೆ ಬರ್ಲಿಲ್ಲ ಅಂತ ಯಾರೂ ಕೇಳಿಲ್ಲ. ನಾವು ಕೋಟು ಹಾಕ್ಕೊಂಡು ಹೋದ್ರೆ ‘ಎಲ್ಲಾ ಚೆನ್ನಾಗಿದೆ ಮೇಡಂ’ ಅಂತಾರೆ. ನೀವು ಸುಮ್ನೆ ಹೋಗಿ ಕೂತು ಬನ್ನಿ.”

“ಕೇಳಿಸಿಕೊಳ್ಳೋದಾ? ನಾನಾ?” ಮೀನಿಗೆ ಮರ ಹತ್ತಲು ಹೇಳಿದರೆ ಹೇಗೋ ಹಾಗಿತ್ತು ಅವನ ಮುಖ. ಆದರೂ ಖಾಲಿ ವ್ಯಾನಿನ ಅವಮಾನ ಅವನ ಎದೆಯಲ್ಲಿ ಕುಟುಕುತ್ತಿತ್ತು. ಮಾರನೆಯ ದಿನ ಭಾನುವಾರ, ಬೆಳಿಗ್ಗೆಯೇ ಬಸ್ಸು ಹತ್ತಿ ಭದ್ರಾವತಿಗೆ ಹೋದ.

ಬಾಯ್ಲರ್ ಲೈನೆಂದರೆ ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದಿನ ಹಳೇ ಕ್ವಾರ್ಟರ್ಸು. ಒಂದೊಂದು ಕೋಣೆಯ ಮನೆಗಳು ರೈಲು ಡಬ್ಬಿಗಳಂತೆ ಒಂದಕ್ಕೊಂದು ಅಂಟಿಕೊಂಡು ಎಂಜಿನ್ನಿಗಾಗಿ ಕಾಯುತ್ತಿದ್ದವು. ಗಂಡಸರು ಲೋಡಿಂಗಿಗೆ, ಪೇಂಟಿಂಗಿಗೆ, ಹೆಂಗಸರು ಮನೆಗೆಲಸಕ್ಕೆ, ಸುಗ್ಗಿಯಲ್ಲಿ ಅಡಿಕೆ ಸುಲಿಯಲಿಕ್ಕೆ ಹೋಗುವವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವವರು. ಬೀದಿಯ ತಲೆಗೆ ಪದ್ಮಮ್ಮನ ಇಡ್ಲಿ ಅಂಗಡಿ: ಒಂದು ತಗಡಿನ ಚಪ್ಪರ, ಒಂದು ಬೆಂಚು, ಹಬೆಯಾಡುವ ಒಂದು ದೊಡ್ಡ ಪಾತ್ರೆ.

ಹುಲಿಯಪ್ಪ ಬೆಂಚಿನ ಮೇಲೆ ಕೂತು ಕೈಸನ್ನೆಯಲ್ಲೇ ಇಡ್ಲಿ ಕೇಳಿದ. ಪದ್ಮಮ್ಮ ಎಲೆಗೆ ಇಡ್ಲಿ ಹಾಕಿ, ಚಟ್ನಿಯನ್ನು ಅವನ ಅಂಗೈಗೆ ಸುರಿದಳು.

“ಅಯ್ಯೋ, ನೋಡು ಸಾಮಿ! ಎಲೆ ಅಂದ್ಕೊಂಡೆ. ಬೆಳಿಗ್ಗೆ ಹೊತ್ತು ಪರವಾಗಿಲ್ಲ, ಸಂಜೆ ಆದ್ರೆ ಮನುಷ್ಯರ ಮುಖ ಎಲ್ಲಾ ಹಿಟ್ಟು ಮೆತ್ತಿದಂಗೆ ಕಾಣುತ್ತೆ. ಶುಗರ್ ಅಲ್ವಾ.”

ಇಡ್ಲಿ ಅಷ್ಟು ದೊಡ್ಡದು. ಹುಲಿಯಪ್ಪ ಬಾಯಿಗೆ ಹಾಕಿಕೊಂಡದ್ದು ಕೆನ್ನೆಯ ಎರಡೂ ಬದಿಗೆ ಹೋಗಿ ಕೂತಿತ್ತು. ಸರಿಯಾಗಿ ಆ ಹೊತ್ತಿಗೆ ಮಲ್ಲಿಕ್‌ನ ಆಟೋ, ಮೊದಲೇ ಗೊತ್ತಾಗಿದ್ದ ಕ್ಯಾಂಪಿನ ದಿನವನ್ನು ಸಾರುತ್ತ, ಬೀದಿಗೆ ತಿರುಗಿತು. ಮೈಕಿನಲ್ಲಿ ಹುಲಿಯಪ್ಪನದೇ ಗಂಭೀರ ಕಂಠ ಗುಡುಗಿತು: “ಬಾಯ್ಲರ್ ಲೈನಿನ ಎಲ್ಲ ನಿವಾಸಿಗಳ ಗಮನಕ್ಕೆ...”

ಅಷ್ಟೇ. ಮುಂದಿನದು ಯಾರಿಗೂ ಕೇಳಿಸಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಚಟಚಟನೆ ಬೀಗಗಳು ಬಿದ್ದವು. ಪಟಾಕಿ ಸರಕ್ಕೆ ಬೆಂಕಿ ಕೊಟ್ಟಂತೆ ಸದ್ದು. ಜನ ಮನೆಗಳಿಗೆ ಹೊರಗಿನಿಂದ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿ, ಏನೂ ಗೊತ್ತಿಲ್ಲದವರಂತೆ ಬಂದು ಪದ್ಮಮ್ಮನ ಅಂಗಡಿಯ ಸುತ್ತ ನಿಂತರು. ಕುಂಟುತ್ತ ಬಂದ ಜಯಪ್ಪನೆಂಬ ಹಳೇ ಫಿಟ್ಟರು ಹುಲಿಯಪ್ಪನನ್ನು ಅನುಮಾನದಿಂದ ನೋಡಿ, “ನಾನು ಈ ಊರೋನಲ್ಲ. ತರೀಕೆರೆಯಿಂದ ನೆಂಟರ ಮನೆಗೆ ಬಂದಿದ್ದೆ, ಅವರಿಲ್ಲ,” ಎಂದ.

“ಸುಮ್ನಿರು ಜಯಪ್ಪ, ಇವರು ಇಡ್ಲಿ ತಿನ್ನೋಕೆ ಬಂದಿರೋರು,” ಎಂದಳು ಪದ್ಮಮ್ಮ. ಆಮೇಲೆ ಹುಲಿಯಪ್ಪನ ಕಡೆ ತಿರುಗಿ, “ಹೆದರ್ಬೇಡಿ ಅಣ್ಣ. ಇದು ನಮ್ಮ ಬೀದಿ ಪದ್ಧತಿ. ಹೋದ ವರ್ಷ ಯಾವುದೋ ಆಫೀಸಿನೋರು ಇದೇ ಧ್ವನೀಲಿ ಕ್ವಾರ್ಟರ್ಸ್ ಖಾಲಿ ಮಾಡಿ ಅಂತ ಸಾರಿಸಿದ್ರು. ಹಿಂದೇನೇ ಸರ್ವೆಗೆ ಬಂದ್ರು. ಮನೇಲಿ ಇದ್ದೋರ ಕೈಗೆ ಕಾಗದ ಕೊಟ್ರು. ಬೀಗ ಹಾಕಿದ್ದ ಮನೆಯೋರು ಬಚಾವಾದ್ರು. ಅವತ್ತಿಂದ ಈ ಧ್ವನಿ ಕೇಳಿದ್ರೆ ನಾವು ಯಾರೂ ಮನೇಲಿಲ್ಲ.”

ಹುಲಿಯಪ್ಪನ ಬಾಯಲ್ಲಿದ್ದ ಇಡ್ಲಿ ಅಲ್ಲೇ ಕಲ್ಲಾಯಿತು. ಸ್ಟುಡಿಯೋದಲ್ಲಿ ಯಾವತ್ತೋ ಕುಕ್ಕರಿಗೂ ಸರ್ಕಸ್ಸಿಗೂ ನಡುವೆ ಓದಿ ಎಸೆದ ಸಾಲುಗಳು. ಆ ಬೀದಿಯನ್ನು ಅವನು ಕಣ್ಣಿಂದ ಕಂಡದ್ದು ಇವತ್ತೇ ಮೊದಲು.

“ಆ ಧ್ವನಿಯೋನು ಹೆಂಗಿರ್ಬೋದು ಅಂತೀಯಾ?” ಎಂದು ಒಬ್ಬಳು ಕೇಳಿದಳು.

“ಏಳಡಿ ಇರ್ತಾನೆ. ಮೀಸೆ ಕಿವಿ ತನಕ. ಕಣ್ಣು ಕೆಂಡ,” ಎಂದ ಜಯಪ್ಪ ನೋಡಿ ಬಂದವನಂತೆ.

“ಎಷ್ಟಡಿ ಆದ್ರೂ ಇರ್ಲಿ. ಕೈಗೆ ಸಿಗ್ಲಿ, ಇದೇ ಇಡ್ಲಿ ಪಾತ್ರೇಲಿ ಕೂರಿಸಿ ಬೇಯಿಸ್ತೀನಿ,” ಎಂದಳು ಪದ್ಮಮ್ಮ. “ನೀವು ಎಲ್ಲಿಯೋರು ಅಣ್ಣ? ಆವಾಗಿಂದ ಮಾತೇ ಆಡ್ಲಿಲ್ಲ?”

ಐದಡಿಯ ಹುಲಿಯಪ್ಪ ಹಬೆಯಾಡುವ ಪಾತ್ರೆಯನ್ನೊಮ್ಮೆ ನೋಡಿದ. ಬಾಯಿ ಬಿಟ್ಟರೆ ಒಂದೇ ಅಕ್ಷರಕ್ಕೆ ಸಿಕ್ಕಿಬೀಳುತ್ತಾನೆ. ಗಂಟಲಿಗೆ ಕೈಯಿಟ್ಟು, ಕಟ್ಟಿಹೋಗಿದೆ ಎಂದು ಸನ್ನೆ ಮಾಡಿದ.

“ಪಾಪ!” ಎಂದಳು ಪದ್ಮಮ್ಮ. ಅಷ್ಟೇ ಅಲ್ಲ, ಒಲೆಯ ಮೂಲೆಗೆ ಮೆಣಸಿನ ಕಷಾಯ ಇಟ್ಟಳು. ಬೀದಿಯ ಹೆಂಗಸರೆಲ್ಲ ತಂತಮ್ಮ ಮದ್ದು ಹೇಳಿದರು. ಒಬ್ಬಳು ಅರಿಶಿನ ಹಚ್ಚಿದಳು, ಇನ್ನೊಬ್ಬಳು ಕತ್ತಿಗೆ ಬಿಸಿ ಬಟ್ಟೆ ಸುತ್ತಿದಳು. ಮಾತು ಬಾರದವನ ಮುಂದೆ ಜನ ಎಷ್ಟು ಸಲೀಸಾಗಿ ಮಾತಾಡುತ್ತಾರೆಂಬುದು ಹುಲಿಯಪ್ಪನಿಗೆ ಅವತ್ತು ತಿಳಿಯಿತು. ಮಧ್ಯಾಹ್ನದವರೆಗೆ ಅವನು ಕಷಾಯ ಕುಡಿದು ಕುಡಿದು ನಾಲಿಗೆ ಸುಟ್ಟುಕೊಂಡ. ಆ ಬೀದಿಯ ಅಷ್ಟೂ ಸುದ್ದಿ ಕಿವಿಗೆ ತುಂಬಿಕೊಂಡ.

ಕಣ್ಣಿನ ವ್ಯಾನಿನ ಸುದ್ದಿ ಅವರಿಗೆ ಗಾಳಿಯಲ್ಲಿ ಬಂದಿತ್ತು. ಬೇಡವೆಂದಲ್ಲ. ಆದರೆ ವ್ಯಾನು ನಿಂತಿದ್ದದ್ದು ರೈಲು ಹಳಿಯ ಆಚೆಯ ಸಮುದಾಯ ಭವನದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಭಾನುವಾರ ಬಿಟ್ಟರೆ ಹತ್ತಕ್ಕೆ ಈ ಬೀದಿಯಲ್ಲಿ ಇರುವವರು ಕೋಳಿಗಳು ಮತ್ತು ಜಯಪ್ಪ. ಅದೂ ಅಲ್ಲದೆ ಕಣ್ಣಿಗೆ ಹನಿ ಹಾಕಿದರೆ ಆರೇಳು ಗಂಟೆ ಎಲ್ಲ ಮಸುಕು. “ಕೂಲಿ ಬಿಟ್ಟು ಮಸುಕು ಕಣ್ಣು ಇಟ್ಕೊಂಡು ಕೂತ್ಕೋ ಅಂದ್ರೆ ಯಾರು ಕೂತ್ಕೋತಾರೆ? ನಾನಂತೂ ಇಡ್ಲಿ ಬದಲು ಕೈಯನ್ನೇ ಬೇಯಿಸ್ಕೋತೀನಿ,” ಎಂದಳು ಪದ್ಮಮ್ಮ. ಹೇಳುತ್ತಲೇ ಉಪ್ಪಿನ ಡಬ್ಬಿಗಾಗಿ ತಡಕಾಡಿ, ಅದರ ಪಕ್ಕದ ಸೋಡಾ ಡಬ್ಬಿ ತೆಗೆದಳು. ಮೂಸಿ ನೋಡಿ ಹಿಂದಕ್ಕಿಟ್ಟಳು. ಹುಲಿಯಪ್ಪ ಅದನ್ನು ನೋಡಿದ. ಒಂದು ವರ್ಷ ಬಿಟ್ಟು ವ್ಯಾನು ಬಂದರೆ ಈಕೆ ಮೂಸಿ ಮೂಸಿಯೇ ಬದುಕಬೇಕಾಗುತ್ತದೆ ಎನ್ನಿಸಿ ಅವನು ಕಷಾಯದ ಲೋಟ ಕೆಳಗಿಟ್ಟ.

ಶಿವಮೊಗ್ಗಕ್ಕೆ ಬಂದವನು ಇಂಪನಾ ಮುಂದೆ ಅಷ್ಟನ್ನೂ ಒಂದೇ ಉಸಿರಿನಲ್ಲಿ ಸುರಿದ. ಅವರು ಎಲ್ಲವನ್ನೂ ಬರೆದುಕೊಂಡರು. ಮಲ್ಲಿಕ್ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. “ಹುಲಿಯಣ್ಣ, ನಿನ್ನ ಬಾಯಿ ಅಷ್ಟು ಹೊತ್ತು ಮುಚ್ಚಿತ್ತಾ? ಆ ಬೀದೀಲಿ ಒಂದು ಕಲ್ಲು ನೆಡಿಸ್ಬೇಕು ಮಾರಾಯ.”

ಇಂಪನಾ ವ್ಯಾನನ್ನು ಸಂಜೆಗೆ ಬದಲಿಸಿದರು, ರೈಲು ಹಳಿಯ ಈಚೆಗೆ ತಂದು ಪದ್ಮಮ್ಮನ ಅಂಗಡಿಯ ಪಕ್ಕ ನಿಲ್ಲಿಸುವುದೆಂದು ನಿರ್ಧರಿಸಿದರು. ಸಂಜೆಯಾದರೆ ಕೂಲಿ ಮುಗಿದಿರುತ್ತದೆ, ಮಸುಕು ಕಣ್ಣಿನಲ್ಲಿ ಮಲಗಿಬಿಡಬಹುದು. ಮೇಲಿನವರು ಗೊಣಗಿ, “ಇದೇ ಕೊನೆ,” ಎಂದರು.

“ಆದ್ರೆ ಕರೆಯೋರು ಯಾರು?” ಎಂದ ಹುಲಿಯಪ್ಪ. “ಬೇರೆಯೋರ ಧ್ವನಿ ಹಾಕ್ಸಿ ಮೇಡಂ.” ಆ ಮಾತು ಆಡುವಾಗ ಅವನಿಗಾದ ಸಂಕಟ ಹೆತ್ತವರಿಗೇ ಗೊತ್ತು.

“ಯಾರ ಧ್ವನಿ ಹಾಕಿದ್ರೂ ಮೈಕ್ ಮೈಕೇ. ಮತ್ತೆ ಬೀಗ ಬೀಳುತ್ತೆ. ಮೈಕ್ ಬೇಡ. ನೀವೇ ಹೋಗಿ ಅವರ ಹತ್ರ ಇದ್ದದ್ದು ಇದ್ದಂಗೆ ಹೇಳ್ಬಿಡಿ.”

“ಇಡ್ಲಿ ಪಾತ್ರೆ ನೀವು ನೋಡಿಲ್ಲ ಮೇಡಂ! ನಾನು ಅದರಲ್ಲಿ ಸರಿಯಾಗಿ ಹಿಡಿಸ್ತೀನಿ!”

ಆದರೂ ಹೋದ. ವ್ಯಾನು ಬೀದಿಯ ತಲೆಗೆ ಬಂದು ನಿಂತ ಕೂಡಲೇ ಸರ್ಕಾರಿ ಬಣ್ಣ ನೋಡಿ ಅಲ್ಲೊಂದು ಇಲ್ಲೊಂದು ಬೀಗ ಬೀಳತೊಡಗಿತು. ಪದ್ಮಮ್ಮ ಹುಲಿಯಪ್ಪನ ಮುಖವನ್ನು ಹತ್ತಿರದಿಂದ ನೋಡಿ ಗುರುತಿಸಿದಳು. “ಓ, ಗಂಟಲಣ್ಣ! ಕಷಾಯ ಹಿಡೀತಾ? ಹೆಂಗಿದೆ ಈಗ?”

ಹುಲಿಯಪ್ಪ ಮನೆದೇವರನ್ನು ನೆನೆದ. ಗಂಟಲು ಸರಿ ಮಾಡಿಕೊಂಡ.

“ಹಿಡೀತು ಅಮ್ಮ. ಆ ಧ್ವನಿ ನಂದೇ.”

ಮೈಕಿರಲಿಲ್ಲ. ಬೇಕಾಗಿರಲೂ ಇಲ್ಲ. ಆ ಮೂರು ಮಾತು ಬೀದಿಯ ಕೊನೆಯ ಮನೆಯ ಹಿತ್ತಲನ್ನೂ ದಾಟಿ ಭದ್ರಾ ಹೊಳೆಗೆ ಬಿದ್ದವು. ಆಮೇಲೆ ಬೀಗ ತೆರೆಯುವ ಸದ್ದು ಕೇಳಿಸಿತು. ಹಾಕುವುದಕ್ಕಿಂತ ಜೋರಾಗಿ.

ತಮ್ಮನ್ನು ಹೆದರಿಸಿ ಓಡಿಸುತ್ತಿದ್ದ ಧ್ವನಿಗೆ ಕೈಕಾಲು ಇದೆ, ಅದೂ ಐದೇ ಅಡಿ ಎತ್ತರದಲ್ಲಿ, ಅದೂ ಒಂಟಿಯಾಗಿ ಸಿಕ್ಕಿದೆ ಎಂದರೆ ಯಾರು ಬಿಡುತ್ತಾರೆ? ಬೀದಿಗೆ ಬೀದಿಯೇ ಬಂತು. ತಮಿಳಿನಲ್ಲಿ ಶುರುವಾದ ಬೈಗುಳ ತೆಲುಗಿನಲ್ಲಿ ತಿರುವು ತೆಗೆದುಕೊಂಡು ಕನ್ನಡದಲ್ಲಿ ಮುಗಿಯುತ್ತಿತ್ತು. ಕೆಲವರು ಸ್ನಾನ ಅರ್ಧಕ್ಕೆ ಬಿಟ್ಟು ಬಂದರು. ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳು ತನ್ನನ್ನು ಎತ್ತಿಕೊಂಡು ಹೋಗಿ ಎಂದು ಹಟ ಹಿಡಿದಳು.

“ನಿನಗೆ ಅಕ್ಕ ತಂಗಿ ಇಲ್ವೇನೋ?” ಎಂದಳೊಬ್ಬಳು.

“ಇದಾರಮ್ಮ. ಅವರೂ ಬೈತಾರೆ.”

“ನಿನ್ನ ಗಂಟಲಿಗೆ ನನ್ನ ಕೈಯಾರೆ ಅರಿಶಿನ ಹಚ್ಚಿದ್ನಲ್ಲೋ ಪಾಪಿ!”

ಆ ಗದ್ದಲದ ನಡುವೆ ಇಂಪನಾ ವ್ಯಾನಿನ ಮೆಟ್ಟಿಲ ಮೇಲೆ ನಿಂತರು. “ಅಮ್ಮಾ, ಅವರು ಎಲ್ಲೂ ಓಡಿಹೋಗಲ್ಲ. ವ್ಯಾನ್ ಪಕ್ಕ ಬೆಂಚು ಹಾಕಿ ಕೂರಿಸ್ತೀನಿ. ಶುಗರ್ ಇರೋರು ಮೊದಲು ಬನ್ನಿ. ಕಣ್ಣಿಗೆ ಹನಿ ಹಾಕಿದ್ಮೇಲೆ ಅರ್ಧ ಗಂಟೆ ಕಾಯ್ಬೇಕು, ಮಾಡೋಕೆ ಏನೂ ಕೆಲಸ ಇರಲ್ಲ. ಆ ಹೊತ್ತಲ್ಲಿ ಸಾವಕಾಶವಾಗಿ ಬೈಯಿರಿ.”

ಜಯಪ್ಪ ಕೇಳಿದ: “ಕ್ವಾರ್ಟರ್ಸ್ ಕಥೆ ಏನು ಮೇಡಂ? ಮನೆ ನಂಬರು ಬರ್ಕೊಂಡು ಅವರಿಗೆ ಕೊಡ್ತೀರಾ?”

“ಮನೆ ನಂಬರು ನಾನು ಕೇಳೋದೇ ಇಲ್ಲ. ನಿಮ್ಮ ಮನೆ ಉಳಿಸೋದು ನನ್ನ ಕೈಲಿಲ್ಲ ಜಯಪ್ಪನವರೇ, ಸುಳ್ಳು ಹೇಳಲ್ಲ. ಮನೆ ಚಿಂತೇಲಿ ಇರೋರಿಗೆ ಕಣ್ಣಿನ ಚಿಂತೆ ಬರಲ್ಲ ಅಂತಾನೂ ಗೊತ್ತು, ಅದನ್ನ ಮೇಲಿನೋರಿಗೆ ಹೇಳ್ತೀನಿ. ಇವತ್ತು ನನ್ನ ಕೈಲಿರೋದು ಈ ವ್ಯಾನು.”

ಜಯಪ್ಪ ತರೀಕೆರೆಯ ನೆಂಟಸ್ತನ ಬಿಟ್ಟುಕೊಟ್ಟು, ತನ್ನ ಹೆಸರು ಹೇಳಿ ಸಾಲಿಗೆ ನಿಂತ. ಅವನ ಹಿಂದೆ ಸಾಲು ಬೆಳೆಯಿತು. ಹನಿ ಹಾಕಿಸಿಕೊಂಡವರು ಕಣ್ಣು ಮುಚ್ಚಿ ಬೆಂಚಿನಲ್ಲಿ ಕೂತು, ಹುಲಿಯಪ್ಪನ ಧ್ವನಿ ಬಂದ ದಿಕ್ಕಿಗೆ ತಿರುಗಿ ಬೈದರು. ಬೈದು ಮುಗಿಸಿದವರು ಹಗುರಾಗಿ, ಫೋಟೋ ತೆಗೆಸಿಕೊಂಡು, ಹೋಗುವಾಗ “ಬರ್ತೀನಿ ಕಣಣ್ಣ” ಎಂದರು. ಬೈಗುಳದ ಸದ್ದಿಗೆ ಪಕ್ಕದ ಬೀದಿಯವರೂ ಬಂದು, “ನಮಗೂ ಬೈಯೋದಿದೆ, ಕ್ಯೂ ಇದೇನಾ?” ಎಂದು ವಿಚಾರಿಸಿದರು. ಕೊನೆಯವರೆಗೂ ಸಾಲಿಗೆ ಬರದೆ ನಿಂತಿದ್ದವಳು ಪದ್ಮಮ್ಮ ಒಬ್ಬಳೇ.

“ನೀನು ಬಾಮ್ಮ,” ಎಂದ ಹುಲಿಯಪ್ಪ.

“ನಾನು ಹೋದ್ರೆ ಸಂಜೆ ವ್ಯಾಪಾರ ಯಾರು ನೋಡ್ಕೋತಾರೆ? ಬೆಳಿಗ್ಗೆ ಹಿಟ್ಟು ಯಾರು ರುಬ್ತಾರೆ? ನೀನಾ?”

“ನಾನೇ.”

ಪದ್ಮಮ್ಮ ಅವನನ್ನು ದೋಸೆ ಹೆಂಚು ಕಾದಿದೆಯೋ ಇಲ್ಲವೋ ಎಂದು ನೋಡುವಂತೆ ನೋಡಿದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಸೌಟನ್ನು ಅವನ ಕೈಗೆ ಕೊಟ್ಟಳು. “ಚಟ್ನಿಗೆ ನೀರು ಹಾಕಿದ್ಯೋ, ಆ ಏಳಡಿ ಮನುಷ್ಯನ್ನೇ ಕರೆಸ್ತೀನಿ.”

ಇಂಪನಾ ಅವಳ ಫೋಟೋವನ್ನು ದೊಡ್ಡದು ಮಾಡಿ ಮೂಲೆಮೂಲೆಯನ್ನೂ ನೋಡಿದರು. ಹುಲಿಯಪ್ಪ ಸೌಟು ಹಿಡಿದು ವ್ಯಾನಿನ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಆ ಹೊತ್ತು ಒಂದು ಚುನಾವಣೆಯಷ್ಟು ಉದ್ದವಾಯಿತು.

“ಪದ್ಮಮ್ಮ, ಸರಿಯಾದ ಹೊತ್ತಿಗೆ ಬಂದಿದ್ದೀರಿ,” ಎಂದರು ಕೊನೆಗೆ. “ಹೋಗಿರೋ ನೋಟ ವಾಪಸ್ ತರೋಕಾಗಲ್ಲ. ಇರೋದು ಉಳಿಯುತ್ತೆ. ಶಿವಮೊಗ್ಗದಲ್ಲಿ ಲೇಸರ್ ಮಾಡಿಸ್ಬೇಕು, ಬೇಗ. ಮುಂದಿನ ವರ್ಷ ಬಂದಿದ್ರೆ ಹೇಳೋಕೆ ನನ್ನ ಹತ್ರ ಏನೂ ಇರ್ತಿರ್ಲಿಲ್ಲ.”

ವ್ಯಾನು ಬಾಯ್ಲರ್ ಲೈನನ್ನು ಬಿಟ್ಟು ಹೋಗಲಿಲ್ಲ. ಅಷ್ಟು ಉದ್ದದ ಸಾಲಿನ ಫೋಟೋ ನೋಡಿ ಮೇಲಿನವರು, ಈ ಬೀದಿಯವರಿಗೆ ತಿಳುವಳಿಕೆ ತಾನಾಗಿಯೇ ಬಂತೆಂದು ಹೇಳಿ, ತಿಂಗಳಿಗೊಂದು ಸಂಜೆ ಅಲ್ಲೇ ನಿಲ್ಲಲು ಅಪ್ಪಣೆ ಕೊಟ್ಟರು. ಇಂಪನಾ ಜಗಳ ಮಾಡದೆ ಸಹಿ ಹಾಕಿಸಿಕೊಂಡು ಬಂದರು.

ಪದ್ಮಮ್ಮನನ್ನು ಲೇಸರಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದವಳು ಮಾಸ್ತಮ್ಮ. ಹುಲಿಯಪ್ಪನಿಗೆ ಇಡ್ಲಿ ಅಂಗಡಿಯ ಪಹರೆ. ಬೆಳಿಗ್ಗೆ ಅವನು ರುಬ್ಬಿ ಬೇಯಿಸಿದ ಇಡ್ಲಿಯನ್ನು ಗಿರಾಕಿಗಳು ಎರಡು ಕೈಯಲ್ಲಿ ಹಿಡಿದು ಮುರಿಯಬೇಕಾಯಿತು. ಜಯಪ್ಪ ಒಂದನ್ನು ಬೆಂಚಿನ ಕುಂಟು ಕಾಲಿನ ಕೆಳಗೆ ಇಟ್ಟು, “ಸರಿಯಾಗಿ ಕೂತ್ಕೊಂಡಿತು,” ಎಂದು ಮೆಚ್ಚಿದ. ಆದರೂ ಹುಲಿಯಪ್ಪ ಚಪ್ಪರದ ಕೆಳಗೆ ನಿಂತು ಬಿಸಿ ಬಿಸಿ ಇಡ್ಲಿ ಎಂದು ಒಂದು ಕೂಗು ಹಾಕಿದಾಗ ಬೀದಿಯ ಬಾಗಿಲುಗಳು ತೆರೆದುಕೊಂಡೇ ಇದ್ದವು. ಒಳಗಿನಿಂದ ಯಾರೋ, “ಕೇಳಿಸ್ತು ಮಾರಾಯ, ಕಿವಿ ಇನ್ನೂ ಚೆನ್ನಾಗಿದೆ,” ಎಂದು ಉತ್ತರ ಕೊಟ್ಟರು.

ಸಂಜೆ ಪದ್ಮಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಾಸ್ತಮ್ಮನ ಕೈ ಹಿಡಿದು ಬಂದಳು. ಬಂದವಳು ಮೊದಲು ಬೆಂಚಿನ ಮೇಲೆ ಕೂತಳು. ಹುಲಿಯಪ್ಪ ತಟ್ಟೆ ತಂದು ಮುಂದಿಟ್ಟ. ಅವಳು ಬೆರಳಿನಿಂದ ಇಡ್ಲಿಯನ್ನು ಒಮ್ಮೆ ತಟ್ಟಿ ನೋಡಿದಳು.

“ಮಾಸ್ತಮ್ಮ, ಇವನಿಗೆ ನೀನು ಎಷ್ಟು ವರ್ಷ ಅಡುಗೆ ಮಾಡಿ ಹಾಕಿದ್ದೀಯೋ ತಾಯಿ! ಬಾಯೊಂದಿದೆ, ಅಡುಗೆಗೆ ಕೈಯೇ ಇಲ್ಲ ಇವನಿಗೆ.” ಆಮೇಲೆ ಹುಲಿಯಪ್ಪನ ಕಡೆ ತಿರುಗಿ, “ನಾಳೆ ನಸುಕಿನಲ್ಲೇ ಬಾ. ಎರಡು ವಾರ ನಾನು ಒಲೆ ಹತ್ರ ಬಗ್ಗಬಾರ್ದಂತೆ. ಹಿಟ್ಟು ಹುದುಗು ಬರೋದು ಹೆಂಗೆ ಅಂತ ಹೇಳ್ಕೊಡ್ತೀನಿ. ಕೆಲಸ ಕಲಿಯೋವಾಗ ಬಾಯಿ ಮುಚ್ಕೊಂಡಿರ್ಬೇಕು,” ಎಂದಳು.

ಹುಲಿಯಪ್ಪ ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಮುಚ್ಚಿಕೊಂಡು, ಖಾಲಿ ಪಾತ್ರೆಯನ್ನು ತೊಳೆಯಲು ನಲ್ಲಿಯ ಕಡೆ ಹೊತ್ತುಕೊಂಡು ಹೋದ.